ಗಾಯಕರ ಕೈಗೆ ಕೈಗವಸು ಕಟ್ಟಾಗಬಾರದು

ರೋಣದಲ್ಲಿ 1922ರಲ್ಲಿ ಜನಿಸಿದ ಪಂಡಿತ ಭೀಮಸೇನ ಜೋಶಿಯವರ ಗಾಯನವನ್ನು ಕೇಳಿದವರಂತೆ ನೋಡಿದವರೂ ಮರೆಯಲಾರರು. ತಾನುಗಳ ಜೊತೆಗೆ ಅವರ ಕೈಯೂ ಧಾವಿಸುತ್ತಿತ್ತು. ಮೀಂಡಿನಲ್ಲಿ ಕಾಣದ ದಾರವೊಂದನ್ನು ಎಳೆಯುತ್ತಿತ್ತು. ಗಾಯಕರ ಅಂಗಚೇಷ್ಟೆಗಳಿಗೆ ಮೂಗು ಮುರಿಯುವವರಿಗೆ ಶಾಸ್ತ್ರದ ಬೆಂಬಲವೂ ಉಂಟು: 13ನೆಯ ಶತಮಾನದ ಶಾರ್ಙ್ಗದೇವನ ‘ಸಂಗೀತ ರತ್ನಾಕರ’ವು ಕಣ್ಣು ಮುಚ್ಚಿ ಹಾಡುವುದನ್ನೂ ಕೊರಳು ಡೊಂಕಾಗಿಸುವುದನ್ನೂ ಗಾಯಕದೋಷಗಳಲ್ಲಿ ಎಣಿಸಿದೆ.

ಪಶ್ಚಿಮದಲ್ಲಾದರೋ ಕೈಚಲನೆಯನ್ನೇ ಸಂಗೀತದ ಉಪಕರಣವಾಗಿಸುವ ಪ್ರಯತ್ನಗಳು ನಡೆದಿವೆ. ಲೆಟಿಷಿಯಾ ಸೊನಾಮಿ 1991ರಲ್ಲೇ ಸಂವೇದಕಗಳಿರುವ ಕೈಗವಸಿನಿಂದ ಧ್ವನಿಯನ್ನು ನಿಯಂತ್ರಿಸಿದರು. 2010ರ ದಶಕದಲ್ಲಿ ಇಂಗ್ಲೆಂಡಿನ ಗಾಯಕಿ ಇಮೋಜೆನ್ ಹೀಪ್ ಮತ್ತು ಸಂಗಡಿಗರು ‘ಮಿಮು’ ಕೈಗವಸನ್ನು ರೂಪಿಸಿದರು. ಬೆರಳು ಬಾಗಿದಾಗ ಅದರ ಮೇಲಿನ ಸಂವೇದಕದ ವಿದ್ಯುತ್ ರೋಧ ಬದಲಾಗುತ್ತದೆ. ಮಣಿಕಟ್ಟಿನ ಬಳಿಯ ಸಂವೇದಕ ಕೈಯ ಓಟ, ತಿರುವುಗಳನ್ನು ಅಳೆಯುತ್ತದೆ. ಈ ಅಳತೆಗಳು ನಿಸ್ತಂತುವಾಗಿ ಕಂಪ್ಯೂಟರನ್ನು ತಲುಪುತ್ತವೆ. ಅದು ಹಾಡುವವರ ದನಿಗೆ ಪ್ರತಿಧ್ವನಿಯನ್ನೋ ಮತ್ತೊಂದು ಸ್ವರದ ಜೊತೆಯನ್ನೋ ಕೂಡಿಸುತ್ತದೆ. ಮುಷ್ಟಿ ಬಿಗಿದರೆ ಒಂದು ಪರಿಣಾಮ, ಕೈ ಎತ್ತಿದರೆ ಇನ್ನೊಂದು.

ಇದನ್ನು ಖಯಾಲ್ ಗಾಯಕರಿಗೆ ಹಾಗೆಯೇ ತೊಡಿಸುವುದು ಸರಿಯಲ್ಲವೆಂಬುದು ನನ್ನ ವಾದ. ಈ ವ್ಯವಸ್ಥೆಯಲ್ಲಿ ಕೈ ಆಜ್ಞೆ ಕೊಡುತ್ತದೆ, ದನಿ ಪಾಲಿಸುತ್ತದೆ. ಖಯಾಲಿನಲ್ಲಿ ಕೈಯ ಚಲನೆ ರಾಗದ ನಡೆಯೊಂದಿಗೇ ಹುಟ್ಟುತ್ತದೆ. ಮ್ಯಾಥ್ಯೂ ರಹೈಮ್ ತಮ್ಮ 2012ರ ‘ಮ್ಯೂಸಿಕಿಂಗ್ ಬಾಡೀಸ್’ ಕೃತಿಯಲ್ಲಿ ತೋರಿಸಿರುವಂತೆ, ಈ ಚಲನೆಯನ್ನು ಪಾಠದಂತೆ ಕಲಿಸುವುದಿಲ್ಲ. ಆದರೂ ಶಿಷ್ಯರ ಕೈಯಲ್ಲಿ ಗುರುವಿನ ಛಾಯೆ ಮೂಡುತ್ತದೆ. ಇಂಥ ಚಲನೆಗಳಿಗೆ ನಿಘಂಟು ಇಲ್ಲ. ಒಂದೊಂದು ಸ್ವರಕ್ಕೆ ಒಂದೊಂದು ಸನ್ನೆಯೂ ಇಲ್ಲ. ಮುಷ್ಟಿ ಬಿಗಿಯಾದೊಡನೆ ಪ್ರತಿಧ್ವನಿ ಮೊಳಗೀತೆಂಬ ಅಂಜಿಕೆಯಿಂದ ಹಾಡುವವರು ಕೈಕಟ್ಟಿ ಕುಳಿತರೆ ನಷ್ಟ ರಾಗಕ್ಕೆ.

ಸಂವೇದಕಗಳು ಇಂದು ದುಬಾರಿಯಲ್ಲ. ಹುಬ್ಬಳ್ಳಿ–ಧಾರವಾಡದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇಂಥ ಕೈಗವಸು ಮಾಡಹೊರಟರೆ, ಮೊದಲು ಬೈಠಕ್ಕುಗಳಲ್ಲಿ ಕುಳಿತು ಗಾಯಕರ ಕೈಚಲನೆಯನ್ನು ಬಹುಕಾಲ ದಾಖಲಿಸಲಿ. ಗುಂಡಿ ಒತ್ತಿದಂಥ ಹಠಾತ್ ಬದಲಾವಣೆ ಬೇಡ; ಕೈಯ ಗತಿಗೆ ತಕ್ಕಂತೆ ಪರಿಣಾಮ ಮೆಲ್ಲನೆ ಏರಿಳಿಯಲಿ. ಗಾಯಕರು ಹಿಡಿದ ಶ್ರುತಿಯನ್ನು ಯಂತ್ರ ತಿದ್ದದಿರಲಿ. ಬೇಡವೆನಿಸಿದ ಕ್ಷಣ ಅದನ್ನು ಸುಮ್ಮನಾಗಿಸುವ ಸ್ವಾತಂತ್ರ್ಯ ಹಾಡುವವರಿಗಿರಲಿ. ಕೈಗವಸಿಗೆ ಹೆದರಿ ಗಾಯಕರೇ ತಮ್ಮ ಕೈಯನ್ನು ಬದಲಿಸಿಕೊಳ್ಳಬೇಕಾಗಿ ಬಂದರೆ, ಆ ವಿನ್ಯಾಸ ಸೋತಂತೆಯೇ ಸರಿ.