ತಿದ್ದುವ ಕೆಲಸ ಯಾರದು?

ಕನ್ನಡದ ‘ತಿದ್ದು’ ಎಂಬ ಮಾತಿಗೆ ಎರಡು ಬಳಕೆಗಳಿವೆ. ಮಗು ಅಕ್ಷರ ತಿದ್ದುತ್ತದೆ. ಮೇಷ್ಟರು ಉತ್ತರ ಪತ್ರಿಕೆ ತಿದ್ದುತ್ತಾರೆ. ಕೂಲಿಮಠಗಳ ಕಾಲದಲ್ಲಿ ಇವೆರಡೂ ಅಷ್ಟು ದೂರವಿರಲಿಲ್ಲ. ಐಗಳು ಮರಳಿನ ಮೇಲೆ ಬರೆದುಕೊಟ್ಟ ಅಕ್ಷರದ ಮೇಲೆ ಹುಡುಗ ಬೆರಳಾಡಿಸುತ್ತಿದ್ದ. ಸೊಟ್ಟಗಾದರೆ ಮರಳನ್ನು ಸವರಿ ಮತ್ತೆ ಬರೆಯುತ್ತಿದ್ದ. ತಪ್ಪು ದಾಖಲೆಯಾಗಿ ಉಳಿಯುತ್ತಿರಲಿಲ್ಲ. (ಬೆತ್ತದ ಹಾವಳಿ ಅಲ್ಲಿ ಕಡಿಮೆಯೇನೂ ಇರಲಿಲ್ಲ, ಅದು ಬೇರೆ ಮಾತು.) 1789ರಲ್ಲಿ ಮದರಾಸಿನ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಣೆ ವಹಿಸಿಕೊಂಡ ಆಂಡ್ರೂ ಬೆಲ್, ದೇಶೀ ಶಾಲೆಯೊಂದರ ಮಕ್ಕಳು ಹೀಗೆ ಮರಳಿನಲ್ಲಿ ಬರೆಯುವುದನ್ನು ಕಂಡು ತನ್ನಲ್ಲೂ ಜಾರಿಗೆ ತಂದ. ಆತನ ಪದ್ಧತಿ ಮುಂದೆ ಇಂಗ್ಲೆಂಡಿಗೂ ಹೋಯಿತು.

ಲಿಖಿತ ಪರೀಕ್ಷೆ ಬಂದ ಮೇಲೆ ತಿದ್ದುವ ಕೆಲಸ ಪೂರ್ತಿಯಾಗಿ ಕೆಂಪು ಶಾಯಿಯ ಪಾಲಾಯಿತು. ನೂರಕ್ಕೆ 34 ಎಂಬ ಅಂಕಿ, ಹುಡುಗ ಎಲ್ಲಿ ನಿಂತಿದ್ದಾನೆಂದು ಹೇಳುತ್ತದೆಯೇ ಹೊರತು ಎಲ್ಲಿ ಎಡವಿದನೆಂದು ಹೇಳುವುದಿಲ್ಲ. 1/2ಕ್ಕೆ 1/4 ಕೂಡಿಸಿ 2/6 ಎಂದು ಬರೆದವನಿಗೆ ಸೊನ್ನೆ ಕೊಟ್ಟು ಪ್ರಯೋಜನವಿಲ್ಲ. ಅರ್ಧ ರೊಟ್ಟಿಗೆ ಕಾಲು ರೊಟ್ಟಿ ಸೇರಿದ ಮೇಲೆ ಅದು ಅರ್ಧಕ್ಕಿಂತ ಕಡಿಮೆಯಾದದ್ದು ಹೇಗೆ ಎಂದು ಕೇಳಿದರೆ ಅವನೇ ತಪ್ಪನ್ನು ಹುಡುಕಿಕೊಳ್ಳುತ್ತಾನೆ.

ಇಸ್ರೇಲಿನ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ವಿಷಯದಲ್ಲಿ ಸ್ವಾರಸ್ಯಕರವಾಗಿದೆ. ಐದು ಮತ್ತು ಆರನೆಯ ತರಗತಿಯ ಮಕ್ಕಳಲ್ಲಿ ಕೆಲವರಿಗೆ ಬರೇ ಅಂಕ, ಕೆಲವರಿಗೆ ಬರೇ ಷರಾ, ಉಳಿದವರಿಗೆ ಎರಡನ್ನೂ ಕೊಡಲಾಯಿತು. ಸುಧಾರಿಸಿದವರು ಬರೇ ಷರಾ ಪಡೆದವರು. ಎರಡನ್ನೂ ಪಡೆದವರಿಗೆ ಷರಾದಿಂದ ಅಂಥ ಲಾಭವಾಗಲಿಲ್ಲ. ಅಂಕ ಅದನ್ನು ನುಂಗಿಬಿಟ್ಟಿತ್ತು ಎನ್ನಬೇಕು. ಅದಕ್ಕೂ ಮೊದಲೇ, 1968ರಲ್ಲಿ, ಅಮೆರಿಕದ ಬೆಂಜಮಿನ್ ಬ್ಲೂಮ್ ಚಿಕ್ಕ ಪರೀಕ್ಷೆ, ತಪ್ಪಿದ ಭಾಗದ ಮರುಪಾಠ, ಮತ್ತೊಂದು ಪರೀಕ್ಷೆ ಎಂಬ ಕ್ರಮವನ್ನು ಮುಂದಿಟ್ಟಿದ್ದರು. ಅವರ ಪ್ರಕಾರ ಹೆಚ್ಚಿನ ಮಕ್ಕಳೆಲ್ಲ ಕಲಿಯಬಲ್ಲರು, ತಗಲುವ ಕಾಲ ಮಾತ್ರ ಬೇರೆ ಬೇರೆ.

ಕರ್ನಾಟಕದಲ್ಲಿ 2024ರಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ವರ್ಷಕ್ಕೆ ಮೂರು ಪರೀಕ್ಷೆಗಳು ಬಂದವು; ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. ‘ಫೇಲು’ ಎಂಬ ಹಣೆಪಟ್ಟಿಯ ಭಯ ಇದರಿಂದ ತಗ್ಗಬಹುದು, ಸಂತೋಷವೇ. ಆದರೆ ಬ್ಲೂಮ್ ಹೇಳಿದ ಮೂರರಲ್ಲಿ ನಡುವಿನದೇ ಕಷ್ಟದ್ದು. ಆ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದದ್ದು ಮೇ ತಿಂಗಳಲ್ಲಿ, ಎರಡನೆಯ ಪರೀಕ್ಷೆ ನಡೆದದ್ದು ಜೂನ್‌ನಲ್ಲಿ. ಶುಲ್ಕ ಕಟ್ಟಿದರೆ ಉತ್ತರ ಪತ್ರಿಕೆಯ ಪ್ರತಿ ಕೈಗೆ ಸಿಗುತ್ತದೆ. ಮನೆಯಲ್ಲಿ ಓದುಬಲ್ಲವರಿಲ್ಲದ ಹುಡುಗಿಗೆ, ಆ ಬೇಸಿಗೆಯ ಕೆಲವೇ ವಾರಗಳಲ್ಲಿ, ಪಕ್ಕದಲ್ಲಿ ಕೂತು ಅದನ್ನು ಓದಿ ಹೇಳುವವರು ಬೇಕು.