ಬುದ್ಧಿ ಕೆಟ್ಟಾಗ ಮಾಡಿದ ಕೃತ್ಯ ಅಪರಾಧವೇ?

ಮನೋರೋಗವಿದೆಯೆಂದು ವೈದ್ಯರಿಂದ ಒಂದು ಚೀಟಿ ತಂದರೆ ಕೊಲೆ ಮಾಡಿದವನೂ ಶಿಕ್ಷೆಯಿಂದ ಪಾರಾಗುತ್ತಾನೆ ಎಂದು ಹಲವರು ನಂಬಿದ್ದಾರೆ. ನಮ್ಮ ಬಳಿಗೆ ಬರುವವರೂ ಈ ಮಾತನ್ನು ಆಡುವುದುಂಟು. ಈ ನಂಬಿಕೆ ಸರಿಯಲ್ಲ.

ಚರಕ ಸಂಹಿತೆಯು ಉನ್ಮಾದವನ್ನು ಮನಸ್ಸು, ಬುದ್ಧಿ, ಸಂಜ್ಞಾಜ್ಞಾನ, ಸ್ಮೃತಿ, ಭಕ್ತಿ, ಶೀಲ, ಚೇಷ್ಟೆ, ಆಚಾರ ಎಂಬ ಎಂಟರ ವಿಭ್ರಮವೆಂದು ಹೇಳುತ್ತದೆ. ಇಲ್ಲಿ ಭಕ್ತಿಯೆಂದರೆ ಅಭಿರುಚಿ. ವೈದ್ಯರಾದ ನಾವು ಈ ಎಂಟನ್ನೂ ಪರೀಕ್ಷಿಸುತ್ತೇವೆ. ನ್ಯಾಯಾಲಯವಾದರೋ ಮುಖ್ಯವಾಗಿ ಬುದ್ಧಿಯೊಂದನ್ನೇ ವಿಚಾರಿಸುತ್ತದೆ. ಕೃತ್ಯ ನಡೆದ ಆ ಗಳಿಗೆಯಲ್ಲಿ, ತಾನು ಮಾಡುತ್ತಿರುವುದೇನು, ಅದು ತಪ್ಪು ಅಥವಾ ಕಾನೂನಿಗೆ ವಿರುದ್ಧ ಎಂಬುದನ್ನು ತಿಳಿಯುವ ಶಕ್ತಿ ಚಿತ್ತವೈಕಲ್ಯದಿಂದ ಅವನಲ್ಲಿ ಇಲ್ಲವಾಗಿತ್ತೇ? ಇದೇ ಅದರ ಪ್ರಶ್ನೆ. ಭಾರತೀಯ ದಂಡ ಸಂಹಿತೆಯ 84ನೇ ಕಲಮಿನಲ್ಲಿದ್ದ ಈ ನಿಯಮವು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮಿನಲ್ಲಿದೆ.

ಮಲಗಿದ್ದ ಮಗುವನ್ನು ಹಾವೆಂದು ಭ್ರಮಿಸಿ ಹೊಡೆದ ರೋಗಿಗೆ ತನ್ನ ಕೃತ್ಯದ ಸ್ವರೂಪವೇ ತಿಳಿದಿರಲಿಲ್ಲ. ಹೊಡೆದು, ಆಯುಧವನ್ನು ಬಚ್ಚಿಟ್ಟು ಓಡಿಹೋದವನಿಗೆ ರೋಗವಿದ್ದರೂ, ತಪ್ಪಿನ ಅರಿವಿತ್ತೆಂದು ನ್ಯಾಯಾಲಯವು ಭಾವಿಸಬಹುದು. ದಾಹ್ಯಾಭಾಯಿ ಠಕ್ಕರ್ ಪ್ರಕರಣದಲ್ಲಿ 1964ರಲ್ಲಿ ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯವು, ಕೃತ್ಯದ ವೇಳೆಯ ಮನಃಸ್ಥಿತಿಯೇ ನಿರ್ಣಾಯಕ, ಅದನ್ನು ತಿಳಿಯಲು ಅದರ ಹಿಂದಿನ, ಆಗಿನ ಮತ್ತು ಅನಂತರದ ನಡವಳಿಕೆಯನ್ನು ನೋಡಬೇಕು ಎಂದಿತು. ರುಜುವಾತಿನ ಹೊಣೆ ಆರೋಪಿಯದು; ಆದರೆ ಸಂದೇಹಾತೀತವಾಗಿ ಸಾಧಿಸಬೇಕಿಲ್ಲ, ಸಂಭವನೀಯವೆಂದು ತೋರಿಸಿದರೆ ಸಾಕು.

ಹೀಗೆ ಬಿಡುಗಡೆಯಾದವನು ನೇರವಾಗಿ ಮನೆಗೆ ಮರಳುತ್ತಾನೆಂದೂ ಅಲ್ಲ. ಕೃತ್ಯವೆಸಗಿದವನು ಅವನೇ ಎಂದು ಕಂಡುಬಂದಲ್ಲಿ ಅವನನ್ನು ಸುರಕ್ಷಿತ ಸ್ಥಳದಲ್ಲಿ ಇರಿಸಲು, ಇಲ್ಲವೇ ಹೊಣೆ ಹೊರುವ ಬಂಧುವಿನ ವಶಕ್ಕೆ ಕೊಡಲು ನ್ಯಾಯಾಲಯವು ಆಜ್ಞಾಪಿಸುತ್ತದೆ.

ಸದ್ಭಕ್ತರು ಗಮನಿಸಬೇಕಾದ ಸಂಗತಿ ಇಲ್ಲಿದೆ. ಮನೋರೋಗಿಗಳಲ್ಲಿ ಬಹುಪಾಲು ಜನರು ಯಾರಿಗೂ ಕೇಡು ಮಾಡುವವರಲ್ಲ. ಆದರೆ ಮನೆತನದ ಮರ್ಯಾದೆಗೆ ಅಂಜಿ ರೋಗವನ್ನು ಮುಚ್ಚಿಟ್ಟ ಮನೆಯಲ್ಲಿ ಚಿಕಿತ್ಸೆಯೂ ಇರುವುದಿಲ್ಲ, ದಾಖಲೆಯೂ ಇರುವುದಿಲ್ಲ. ಅನಾಹುತವಾದ ಮೇಲೆ ‘ಇವನಿಗೆ ಮೊದಲಿನಿಂದಲೂ ಹೀಗಿತ್ತು’ ಎಂದು ತಾಯಿ ಅತ್ತರೆ, ಆ ಮಾತಿಗೆ ಆಧಾರವೆಲ್ಲಿ?

ಆದುದರಿಂದ ನಿದ್ರೆಗೆಡುವುದು, ಅಕಾರಣ ಸಂಶಯ, ಇಲ್ಲದ ಧ್ವನಿ ಕೇಳಿಸುವುದು ಮುಂತಾದ ಲಕ್ಷಣಗಳು ಕಂಡೊಡನೆ ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ. ಅವರು ಕೊಟ್ಟ ಔಷಧವನ್ನು ನಮ್ಮ ಕಷಾಯವನ್ನು ನೆಚ್ಚಿ ನಿಲ್ಲಿಸಬೇಡಿರಿ. ಚೀಟಿಗಳನ್ನೆಲ್ಲ ಜೋಪಾನವಾಗಿಡಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ನ್ಯಾಯಾಲಯದ ಮೆಟ್ಟಿಲಿಗಿಂತ ವೈದ್ಯರ ಮನೆಯ ಹೊಸ್ತಿಲು ಹತ್ತಿರದ್ದು.