ಬ್ರಹ್ಮಕಮಲದ ತವರು

ಮಳೆಗಾಲದ ಒಂದು ರಾತ್ರಿ ನೆರೆಮನೆಯವರು ಬಾಗಿಲು ತಟ್ಟಿ, “ಬನ್ನಿ, ನಮ್ಮಲ್ಲಿ ಬ್ರಹ್ಮಕಮಲ ಅರಳುತ್ತಿದೆ” ಎಂದು ನಿಮ್ಮನ್ನು ಕರೆದದ್ದುಂಟಲ್ಲವೆ? ಕುಂಡದಲ್ಲಿ ಬೆಳೆದ ಗಿಡ, ಎಲೆಯಂಚಿನಿಂದಲೇ ಇಳಿಬಿದ್ದ ದೊಡ್ಡ ಬಿಳಿಯ ಹೂ, ಅಂಗಳದ ತುಂಬ ಪರಿಮಳ. ಬೆಳಗಾಗುವಷ್ಟರಲ್ಲಿ ಎಲ್ಲವೂ ಬಾಡಿ ಜೋತುಬಿದ್ದಿರುತ್ತದೆ. ಹೂ ಚೆಲುವಾದದ್ದೇ. ಆದರೆ ಅದು ಕಳ್ಳಿಯ ಜಾತಿಯದು. ಅದರ ತವರು ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಕಾಡುಗಳು. ನಾವು ಎಲೆಯೆಂದು ತಿಳಿದಿರುವುದು ಸಹ ಅದರ ಚಪ್ಪಟೆಯಾದ ಕಾಂಡ.

ಹಾಗಾದರೆ ಆ ಹೆಸರಿನ ನಿಜವಾದ ಒಡೆಯ ಯಾರು? ಅದು ಹಿಮಾಲಯದ ಒಂದು ಗಿಡ. ಸಸ್ಯಶಾಸ್ತ್ರಜ್ಞರು ಇಟ್ಟ ಹೆಸರು ಸಾಸ್ಸೂರಿಯ ಆಬ್ವಲ್ಲಾಟ. ಹೆಸರಿನಲ್ಲಿ ಕಮಲವಿದ್ದರೂ ಅದು ಕಮಲದ ಬಳಗವಲ್ಲ. ನಮ್ಮ ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬಕ್ಕೆ ಸೇರಿದ್ದು.

ಕರ್ನಾಟಕದ ಅತ್ಯುನ್ನತ ಶಿಖರ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಹೆಚ್ಚುಕಡಿಮೆ ಅದರ ಎರಡರಷ್ಟು, ಅಂದರೆ ಸುಮಾರು 3,700 ಮೀಟರ್ ಏರಿದರೆ ಈ ಗಿಡದ ಸೀಮೆ ಮೊದಲಾಗುತ್ತದೆ. ಅಲ್ಲಿ ಮರಗಳಿಲ್ಲ, ಬಂಡೆಗಳ ನಡುವೆ ಹುಲ್ಲು, ಜಾರುವ ಕಲ್ಲು, ಬೀಸುವ ಶೀತಗಾಳಿ. ತಿಂಗಳುಗಟ್ಟಲೆ ನೆಲವೆಲ್ಲ ಹಿಮದಡಿ ಮುಚ್ಚಿರುತ್ತದೆ. ಆಗ ಮೇಲಿನ ಗಿಡ ಸತ್ತರೂ ಬೇರು ಬದುಕಿದ್ದು, ಹಿಮ ಕರಗಿದೊಡನೆ ಮತ್ತೆ ಚಿಗುರುತ್ತದೆ. ಜುಲೈಯಿಂದ ಸೆಪ್ಟೆಂಬರಿನೊಳಗೆ ಹೂ ಬಿಟ್ಟು ಬೀಜ ಕಟ್ಟಿಬಿಡಬೇಕು.

ಈ ಅವಸರದ ಕೆಲಸಕ್ಕೆ ಗಿಡ ಮಾಡಿಕೊಂಡಿರುವ ಏರ್ಪಾಡು ಸೋಜಿಗದ್ದು. ತಿಳಿಹಳದಿಯ, ಕಾಗದದಷ್ಟು ತೆಳುವಾದ ದಳಗಳನ್ನು ನೋಡಿ ನಾವು ಅದೇ ಹೂವೆನ್ನುತ್ತೇವೆ. ಅವು ದಳಗಳಲ್ಲ, ಹೂವಿಗೆ ಹೊದಿಸಿದ ಎಲೆಗಳು. ನಿಜವಾದ ಹೂಗಳು ಚಿಕ್ಕವು, ನೇರಳೆ ಬಣ್ಣದವು. ಆ ಬೊಗಸೆಯೊಳಗೆ ಗೊಂಚಲಾಗಿ ಅಡಗಿರುತ್ತವೆ. ತೆಳುಹೊದಿಕೆ ಮಳೆಯನ್ನೂ ಗಾಳಿಯನ್ನೂ ತಡೆಯುತ್ತದೆ. ಬಿಸಿಲನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತದೆ. ಲಾಲ್‌ಬಾಗಿನ ಗಾಜಿನ ಮನೆಯನ್ನು ನೆನೆದುಕೊಳ್ಳಿ. ಇದು ಗಿಡವೇ ಕಟ್ಟಿಕೊಂಡ ಗಾಜಿನ ಮನೆ.

1931ರಲ್ಲಿ ಫ್ರಾಂಕ್ ಸ್ಮೈತ್ ಎಂಬ ಆಂಗ್ಲ ಪರ್ವತಾರೋಹಿ ಕಾಮೆಟ್ ಶಿಖರವನ್ನೇರಿ ಹಿಂತಿರುಗುವಾಗ ಗಢವಾಲದ ಒಂದು ಕಣಿವೆಯನ್ನು ಹೊಕ್ಕು ಅದರ ಹೂಗಳಿಗೆ ಮರುಳಾದರು. ಆ ‘ಹೂಗಳ ಕಣಿವೆ’ 1982ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿ ಹೂ ಕೀಳುವುದು ನಿಷಿದ್ಧ. ಬ್ರಹ್ಮಕಮಲವೋ ಪಕ್ಕದ ಹೇಮಕುಂಡದ ಕಡಿದಾದ ದಾರಿಯಲ್ಲಿ, ಯಾತ್ರಿಕರ ಕೈಗೆಟುಕುವಂತೆಯೇ ಅರಳುತ್ತದೆ. ಅದು ಉತ್ತರಾಖಂಡದ ರಾಜ್ಯಪುಷ್ಪ. ಕೇದಾರ, ಬದರಿಗಳಲ್ಲಿ ದೇವರಿಗೆ ಅರ್ಪಿಸುವ ಹೂ. ಔಷಧಿಗೆಂದೂ ಅದನ್ನು ಕೀಳುವವರುಂಟು.

ತೊಂದರೆಯಿರುವುದು ಇಲ್ಲಿಯೇ. ನಮ್ಮ ಕುಂಡದ ಗಿಡದ ಒಂದು ತುಂಡನ್ನು ಮಣ್ಣಿಗೆ ಊರಿದರೆ ಸಾಕು, ಹೊಸ ಗಿಡವಾಗುತ್ತದೆ. ಹೂ ಕಿತ್ತರೆ ನಷ್ಟವೇನಿಲ್ಲ. ಬೆಟ್ಟದ ಗಿಡದ ಸಂತತಿಯಾದರೋ ಗಾಳಿಗೆ ತೇಲುವ ಬೀಜದಿಂದ ಹರಡಬೇಕು. ಅರಳಿದಾಗಲೇ ಕಿತ್ತರೆ ಆ ವರ್ಷದ ಬೀಜವೇ ಹೋಯಿತು. ಬೇರುಸಹಿತ ಕಿತ್ತರೆ ಗಿಡವೂ ಹೋಯಿತು.

ನೀವು ಮುಂದೊಮ್ಮೆ ಆ ಯಾತ್ರೆಗೆ ಹೊರಟರೆ ದಾರಿಯಲ್ಲಿ ಈ ಹೂ ಕಂಡೀತು. ನಿಂತು, ಕಣ್ತುಂಬ ನೋಡಿ. ಅದನ್ನು ಅಲ್ಲಿಯೇ ಬಿಟ್ಟುಬನ್ನಿ. ಅದು ದೇವರ ಬೆಟ್ಟದಲ್ಲಿಯೇ ಇದೆಯಲ್ಲ.